ಕಾರ್ಟೂನಿನ ಸ್ಟೇಶನ್ನಿಗೆ ಅಕ್ಕನ ಸವಾರಿ

ಜಪಾನಿಗೆ ಹೋಗಿ, ದೇವಸ್ಥಾನ, ಅರಮನೆ, ಹೂದೋಟ ಒಂದನ್ನೂ ನೋಡದೆ, ಒಂಬತ್ತು ರೈಲ್ವೆ ಸ್ಟೇಶನ್ ನೋಡಿಕೊಂಡು ಬಂದ ಹೆಂಗಸು, ನಾವು ಬಂದು ನೆಲೆಸಿರುವ ಈ ಪರದೇಶದ ಊರು ಮಾರ್ಕಮ್ಮಿನಲ್ಲೆಲ್ಲ ಒಬ್ಬಳೇ ಇರಬೇಕು. ಅವಳು ನನ್ನ ಅಕ್ಕ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ, ದೂರು ಕೊಡುತ್ತಿದ್ದೇನೋ, ನನಗೇ ಇನ್ನೂ ತೀರ್ಮಾನವಾಗಿಲ್ಲ.

ತಪ್ಪು ನನ್ನ ಮಗಳದು. ಅನಿಮೆ ಎಂಬ ಜಪಾನಿ ಕಾರ್ಟೂನು ಹಾಕಿಕೊಂಡು ಕೂತರೆ ಅವಳು ಏಳುವ ಪೈಕಿಯಲ್ಲ. ನಮ್ಮ ಜೊತೆಯಲ್ಲೇ ಇರುವ ಅಕ್ಕ, ಚಪಾತಿ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದು, ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಅವಳ ಪಕ್ಕ ಕೂರುತ್ತಿದ್ದಳು. ಮಾತು ಜಪಾನಿ, ಕೆಳಗೆ ಓಡುವ ಅಕ್ಷರ ಇಂಗ್ಲಿಷು. ಅಕ್ಕ ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡದಲ್ಲಿ.

"ನಿಂಗೇನು ಅರ್ಥ ಆಗುತ್ತೆ?" ಎಂದು ಕೇಳಿದೆ.

"ಒಂದು ಸಾಲು ಓದೋಷ್ಟರಲ್ಲಿ ಅವ್ರ ಮಾತೇ ಮುಗ್ದಿರುತ್ತೆ ಕಣೇ. ಅವ್ರ ಹಿಂದೆ ಕಾಣೋ ಸ್ಟೇಶನ್ನು ಎಲ್ಲೂ ಓಡೋಗಲ್ಲ. ಅದನ್ನ ನೋಡ್ತೀನಿ."

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಸುಲಭಕ್ಕೆ ಸಿಕ್ಕಿದ್ದಲ್ಲ, ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಈಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಅಂದರೆ ತಪ್ಪು ಹುಡುಕುವುದಕ್ಕೇ ಸಂಬಳ. ಆದರೆ ಅಕ್ಕನ ಕಣ್ಣಿನ ಮುಂದೆ ನನ್ನ ಕಣ್ಣು ಯಾವ ಲೆಕ್ಕ? ಗಡಿಯಾರದ ಎಡಕ್ಕೆ ನೀಲಿ ಡಬ್ಬ, ಮೂರನೇ ಕಂಬದ ಬಣ್ಣ ಸುಲಿದಿದೆ, ಎಲ್ಲ ಅವಳಿಗೆ ಬಾಯಿಪಾಠ. ಇವೆಲ್ಲ ನಿಜವಾಗಿಯೂ ಇರುವ ಸ್ಟೇಶನ್ನುಗಳು, ಜನ ಹುಡುಕಿಕೊಂಡು ಹೋಗಿ ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಯುತ್ತಾರೆ ಎಂದು ಮಗಳು ಬಾಯಿತಪ್ಪಿ ಹೇಳಿದ ದಿನವೇ ನನ್ನ ರಜೆಯ ಹಣೆಬರಹ ಬರೆದಾಯಿತು.

ಅಕ್ಕನ ತಾಲೀಮು ಮನೆ ಹತ್ತಿರದ ಯೂನಿಯನ್‌ವಿಲ್ ಸ್ಟೇಶನ್ನಿನಲ್ಲಿ. ಚಾಚಿದ ಕೈಯ ಫೋನಿನಲ್ಲಿ ಕಾರ್ಟೂನಿನ ಚಿತ್ರ, ಒಂದು ಕಣ್ಣು ಮುಚ್ಚಿ, ಎರಡು ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಮುಂದೆ.

"ಆ ಕಡೆ ಸಮುದ್ರ ಇದ್ದಿದ್ರೆ ಸರಿಹೋಗ್ತಿತ್ತು."

"ದೊಡ್ಡಮ್ಮ, ದಟ್ಸ್ ಎ ಪಾರ್ಕಿಂಗ್ ಲಾಟ್," ಎಂದಳು ಮಗಳು.

"ಇರ್ಲಿ ಬಿಡು. ಕಾರು ತೆಗೆದ್ರೆ ಆಯ್ತು."

ದಾರಿ ತಪ್ಪಿದವಳೆಂದುಕೊಂಡು ಒಬ್ಬ ಪಂಜಾಬಿ ಹಿರಿಯರು "ಆಂಟಿಜೀ, ಕಹಾಂ ಜಾನಾ ಹೈ?" ಎಂದು ಕೇಳಿದರೆ, ಇವಳು ಗಂಭೀರವಾಗಿ "ಜಪಾನ್" ಎನ್ನಬೇಕೇ? ಪಾಪ, ಅವರು ಒಮ್ಮೆ ರೈಲಿನ ವೇಳಾಪಟ್ಟಿಯ ಬೋರ್ಡಿನ ಕಡೆ ತಿರುಗಿ ನೋಡಿದರು.

ಕೊನೆಗೆ ಕಳೆದ ವಸಂತದಲ್ಲಿ ಅಕ್ಕ, ನಾನು ಇಬ್ಬರೇ ಜಪಾನಿಗೆ ಹೊರಟೆವು. ಒಂದು ಸ್ಟೇಶನ್ನಿನಲ್ಲಿ ಮುದುಕರೊಬ್ಬರು ಬೆಂಚಿನ ಮೇಲೆ ನೆಮ್ಮದಿಯಾಗಿ ಕೂತಿದ್ದರು. ಚಿತ್ರದಲ್ಲಿ ಬೆಂಚು ಖಾಲಿ. ಅಕ್ಕ ಹೋಗಿ ಫೋನು ತೋರಿಸಿದಳು. ನಾನು ನಾಚಿಕೆಯಿಂದ ಕಂಬದ ಹಿಂದೆ ಅಡಗಿದೆ. ಅವರು ಚಿತ್ರ ನೋಡಿದರು, ಎದ್ದರು, ಬಾಗಿ ನಮಸ್ಕರಿಸಿದರು, ಚೀಲ ಎತ್ತಿಕೊಂಡರು. ಆಮೇಲೆ ಅಕ್ಕನ ಹಿಂದೆ ನಿಂತು, ಇನ್ನೂ ಸ್ವಲ್ಪ ಎಡಕ್ಕೆ ಎಂದು ಕೈಸನ್ನೆಯಲ್ಲಿ ತಿದ್ದತೊಡಗಿದರು. ಹುಚ್ಚಿಗೆ ಭಾಷೆ ಬೇಕಿಲ್ಲ ನೋಡಿ!

ಎಂಟು ಸ್ಟೇಶನ್ ಹೀಗೇ ಮುಗಿದವು. ಆದರೆ ಅವಳು ಬಂದದ್ದೇ ಒಂಬತ್ತನೆಯದಕ್ಕಾಗಿ. ಸಮುದ್ರದ ಅಂಚಿನ ಪುಟ್ಟ ಸ್ಟೇಶನ್ನು, ಒಂದೇ ಬೋಗಿಯ ರೈಲು. ಕಾರ್ಟೂನಿನಲ್ಲಿ ಒಬ್ಬ ಹುಡುಗಿ ಶಾಲೆಯ ಚೀಲ ಹೊತ್ತು ಓಡಿಬಂದು ಹತ್ತುತ್ತಾಳೆ, ರೈಲು ಹೊರಡುತ್ತದೆ, ಅಷ್ಟೇ. ಇಲ್ಲಿ ಮಾತ್ರ ಖಾಲಿ ಪ್ಲಾಟ್‌ಫಾರ್ಮಿನ ಚಿತ್ರ ಸಾಲದಂತೆ. ತಾನು ಓಡಿ ಹತ್ತಬೇಕು, ನಾನು ಕೆಳಗೆ ನಿಂತು ಫೋಟೋ ತೆಗೆಯಬೇಕು. ಅಂದೇ ಸಂಜೆ ನಮ್ಮ ವಿಮಾನ. ಇನ್ನೊಂದು ಅವಕಾಶವಿಲ್ಲ.

"ಈ ಮೊಣಕಾಲಲ್ಲಿ ಓಡ್ತೀಯಾ? ಭಾಷೆ ಬೇರೆ ಬರಲ್ಲ. ಒಬ್ಳೇ ಎಲ್ಲಿಗೆ ಹೋಗ್ತೀಯ?"

"ಮುಂದಿನ ಸ್ಟೇಶನ್ನಲ್ಲಿ ಇಳ್ದು ವಾಪಸ್ ಬರ್ತೀನಿ. ಹದಿಮೂರು ವರ್ಷಕ್ಕೇ ನೀನು ಒಬ್ಳೇ ಕಡೂರಿಗೆ ಹೋಗ್ತಿರ್ಲಿಲ್ವಾ?"

ನಾನು ಫೋನಿನ ಕ್ಯಾಮೆರಾ ತೆರೆದೆ. ನಮ್ಮೂರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಹೈಸ್ಕೂಲಿಗೆ ಬೆಳಗಿನ ಪ್ಯಾಸೆಂಜರ್ ಹತ್ತಿ ಕಡೂರಿಗೆ ಹೋಗಬೇಕು. ಅಕ್ಕ ಏಳನೇ ಕ್ಲಾಸು ಪಾಸಾದ ವರ್ಷ ನಾನು ಕೈಗೂಸು, ಅಮ್ಮ ಕೂಲಿಗೆ ಹೋಗುತ್ತಿದ್ದಳು. ಮಗು ನೋಡಿಕೊಳ್ಳಲು ಒಬ್ಬರು ಮನೆಯಲ್ಲಿರಬೇಕಿತ್ತು. ಆ ಮಗು ಬೆಳೆದು ಪ್ಯಾಸೆಂಜರ್ ಹತ್ತಿದಾಗ, ಕಿಟಕಿಯಲ್ಲಿ ಬುತ್ತಿ ಕೊಟ್ಟು, ರೈಲು ಮರೆಯಾಗುವವರೆಗೆ ಕೆಳಗೆ ನಿಂತಿರುತ್ತಿದ್ದವಳೂ ಅವಳೇ.

ರೈಲು ಬಂತು. ಅಕ್ಕ ಕೈಚೀಲವನ್ನು ಬೆನ್ನಿಗೆ ಹಾಕಿಕೊಂಡು ಕುಂಟುತ್ತಲೇ ಓಡಿದಳು. ಚಾಲಕ ತಲೆ ಹೊರಹಾಕಿ ನೋಡಿ, ಬಾಗಿಲು ಮುಚ್ಚದೆ ಕಾದ. ಹತ್ತಿದಳು. ಕಿಟಕಿಯ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು, ಮುಂದೆ ನೋಡಿದಳು. ನನ್ನ ಕಡೆ ತಿರುಗಲೇ ಇಲ್ಲ. ರೈಲು ಹೊರಟಿತು.

ಒಂದು ಗಂಟೆಯ ಮೇಲೆ ವಾಪಸ್ ಬಂದು ಇಳಿದವಳೇ ಕೇಳಿದಳು, "ಬಂತಾ ಫೋಟೋ?"

"ಇಲ್ಲ."

"ಮತ್ತೆ ಏನ್ ಮಾಡ್ತಾ ನಿಂತಿದ್ದೆ?"

"ಟಾಟಾ ಮಾಡ್ತಿದ್ದೆ ಕಣೇ."