ಭಾವನ ಸಮುದ್ರ ಖರೀದಿ

ನಮ್ಮ ಭಾವನಿಗೆ ನೀರು ಕುಡಿಯಲು ಅನುಮತಿ ಇಲ್ಲ. ಆದ್ದರಿಂದ ಅವರು ಸಮುದ್ರವನ್ನೇ ಖರೀದಿಸಲು ಹೊರಟಿದ್ದಾರೆ!

ಇದು ಉತ್ಪ್ರೇಕ್ಷೆ ಎಂದು ನಿಮಗನ್ನಿಸಿದರೆ ತಪ್ಪಿಲ್ಲ. ಆದರೆ ಪತ್ರಿಕೆಯ ಕೆಲಸದಲ್ಲಿ ತಲೆ ನರೆಸಿಕೊಂಡ ನನಗೆ ಉತ್ಪ್ರೇಕ್ಷೆಯ ಅಭ್ಯಾಸ ಕಡಿಮೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಅಷ್ಟರಲ್ಲೇ ಬೇಕಾದಷ್ಟು ಉತ್ಪ್ರೇಕ್ಷೆ ಇದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂರ್ನಾಡಿನ ಹೊರಗೆ ಅವರದ್ದು ಕಾಫಿ, ಕರಿಮೆಣಸಿನ ತೋಟ. ಕೆಲವು ವರ್ಷಗಳ ಹಿಂದೆ ಅವರ ಎರಡೂ ಕಿಡ್ನಿಗಳು ಮುಷ್ಕರ ಹೂಡಿದವು. ಇಂದಿಗೂ ಮಾತುಕತೆಗೆ ಬಂದಿಲ್ಲ. ವಾರಕ್ಕೆ ಮೂರು ಸಲ ವಿರಾಜಪೇಟೆಗೆ ಹೋಗಿ, ಯಂತ್ರದ ಪಕ್ಕದಲ್ಲಿ ಮಲಗಿ, ರಕ್ತ ತೊಳೆಸಿಕೊಂಡು ಬರುತ್ತಾರೆ. ಬೆಳಿಗ್ಗೆ ಅಕ್ಕ ಒಂದು ಸಣ್ಣ ಬಾಟಲಿಯಲ್ಲಿ ನೀರು ಅಳೆದು ಇಡುತ್ತಾಳೆ. ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲವೂ ಅದೇ ಲೆಕ್ಕಕ್ಕೆ. ಹೊರಗೆ ಜಗತ್ತಿನ ನೀರೆಲ್ಲ ಕೊಡಗಿನ ಮೇಲೆ ಸುರಿಯುತ್ತಿರುವಾಗ ಈ ಮನುಷ್ಯ ನಾಲಿಗೆಯ ಮೇಲೆ ಒಂದು ಚೂರು ಐಸ್ ಇಟ್ಟುಕೊಂಡು ಕಿಟಕಿಯ ಬಳಿ ಕುಳಿತಿರುತ್ತಾರೆ.

ಮೈಸೂರಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ: ಹೀಗೆ ಯಂತ್ರವನ್ನು ನಂಬಿಕೊಂಡು ಬಹಳ ಕಾಲ ದೂಡುವಂತಿಲ್ಲ, ಹೃದಯ ಆಗಲೇ ಸೋಲುತ್ತಿದೆ, ಬೇರೆ ಕಿಡ್ನಿ ಹಾಕಿಸಿ. ಪರೀಕ್ಷೆ ಮಾಡಿದರು. ಅಕ್ಕನದು ಹೊಂದಿಕೆಯಾಯಿತು. ಮೂವತ್ತು ವರ್ಷದ ದಾಂಪತ್ಯದಲ್ಲಿ ಇವರಿಬ್ಬರ ನಡುವೆ ಹೊಂದಿಕೆಯಾದ ಮೊದಲ ವಸ್ತು ಅದು! ಡಾಕ್ಟರ ಮಾತು ಮುಗಿಯುವ ಮೊದಲೇ ಅಕ್ಕ ಒಪ್ಪಿದಳು. ಭಾವ ಒಪ್ಪಲಿಲ್ಲ.

"ಅವ್ಳದ್ದು ಅವ್ಳಿಗಿರ್ಲಿ" ಎಂದು ಎದ್ದು ಬಂದರು.

ಅಂದಿನಿಂದ ಆ ಮನೆಯಲ್ಲಿರುವ ಪ್ರಶ್ನೆ ಒಂದೇ. ಅಕ್ಕನ ಕಿಡ್ನಿಯನ್ನು ಭಾವ ತೆಗೆದುಕೊಳ್ಳುತ್ತಾರೋ ಇಲ್ಲವೋ? ಅದನ್ನೊಂದು ಬಿಟ್ಟು ಬೇರೆಲ್ಲದರ ಬಗ್ಗೆಯೂ ಅವರು ಮಾತನಾಡುತ್ತಾರೆ. ಮುಖ್ಯವಾಗಿ ದೋಣಿ ಮತ್ತು ಹವಳದ ಬಗ್ಗೆ.

ಇದಕ್ಕೆ ಕಾರಣ ಡಯಾಲಿಸಿಸ್ ವಾರ್ಡಿನ ನರ್ಸ್, ಒಬ್ಬ ಮಲಯಾಳಿ ಹುಡುಗಿ. "ಅಂಕಲ್, ಸುಮ್ನೆ ಫ್ಯಾನ್ ನೋಡಿ ಮಲಗ್ಬೇಡಿ. ಒಂದು ಹಾಬಿ ಇಟ್ಕೊಳ್ಳಿ" ಎಂದಳಂತೆ. ಪಾಪ, ಅವಳ ಮನಸ್ಸಿನಲ್ಲಿದ್ದದ್ದು ಪದಬಂಧ ಬಿಡಿಸುವುದೋ ಏನೋ. ನಮ್ಮ ಭಾವನ ಪೂರ್ವೇತಿಹಾಸ ಅವಳಿಗೆ ಗೊತ್ತಿರಲಿಲ್ಲ. ಹಿಂದೆ ಇವರು ದೂರದರ್ಶಕ ತಂದು ಮೂರ್ನಾಡಿನ ಮಂಜನ್ನು ಬಹಳ ಹತ್ತಿರದಿಂದ ವೀಕ್ಷಿಸಿದವರು. ಜೇನು ಸಾಕಿ, ತಮ್ಮದಷ್ಟೇ ಅಲ್ಲದೆ ತೋಟದ ಲೆಕ್ಕ ಬರೆಯುವ ರೈಟರ್‌ನ ಮುಖವನ್ನೂ ಊದಿಸಿದವರು. ಅಂಥವರು ಮಲಗಿದಲ್ಲೇ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಎರಡು ಹವ್ಯಾಸಗಳಲ್ಲಿ ಬಂದು ನಿಂತರು. ಒಂದು, ದೋಣಿ ನಡೆಸುವುದು. ಇನ್ನೊಂದು, ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿಸಿ, ಜೀವಂತ ಹವಳ ಬೆಳೆಸಿ, ಅದರ ನಡುವೆ ಕಡಲ ಮೀನು ಸಾಕುವುದು. ಎರಡೂ ತೋಟ ನುಂಗುವ ಹವ್ಯಾಸಗಳು. ಎರಡೂ ಬೇಕೆಂದರೆ ಮನೆಯನ್ನೂ ನುಂಗುತ್ತವೆ. ಹಾಗಾಗಿ ಆರಿಸಬೇಕು.

ಮೊದಲು ಮೈಸೂರಿನ ಒಂದು ಮೀನಿನ ಅಂಗಡಿಗೆ ಹೋದೆವು. ಅಂಗಡಿಯವನು ಎಚ್ಚರಿಸಿದ: "ಸರ್, ಇದು ಕೆರೆ ಮೀನಲ್ಲ. ಉಪ್ಪು ಇಷ್ಟೇ ಇರ್ಬೇಕು, ಕ್ಯಾಲ್ಸಿಯಂ ಇಷ್ಟೇ ಇರ್ಬೇಕು, ಕೊಳೆ ಫಿಲ್ಟರ್ ಆಗ್ತಾನೇ ಇರ್ಬೇಕು. ಆಗಾಗ ಟೆಸ್ಟ್ ಮಾಡ್ಬೇಕು. ಸ್ವಲ್ಪ ಏರುಪೇರಾದ್ರೂ ಹವಳ ಬೆಳ್ಳಗಾಗಿ ಸತ್ತೋಗುತ್ತೆ."

ಭಾವನ ಮುಖ ಅರಳಿತು. ಅಷ್ಟು ಸಂತೋಷವನ್ನು ನಾನು ಆ ಮುಖದಲ್ಲಿ ಕಂಡು ಬಹಳ ದಿನವಾಗಿತ್ತು. "ಇದು ಮೀನಿನ ತೊಟ್ಟಿ ಅಲ್ಲ ಮಾರಾಯ, ಇದು ನಾನೇ!" ಎಂದು ನನ್ನ ಹೆಗಲಿಗೆ ಹೊಡೆದು, ಜೇಬಿನಿಂದ ತಮ್ಮ ರಕ್ತಪರೀಕ್ಷೆಯ ವರದಿ ತೆಗೆದು ಅವನ ಮುಂದೆ ಹಿಡಿದರು.

ಅವನು ನಿಷ್ಠಾವಂತ ವ್ಯಾಪಾರಿ. ಕನ್ನಡಕ ಹಾಕಿಕೊಂಡು ಓದಿದ. "ಪೊಟ್ಯಾಸಿಯಂ ಜಾಸ್ತಿ ಇದೆ ಸರ್. ನೀರು ಬದಲಾಯಿಸ್ಬೇಕು."

"ಡಾಕ್ಟ್ರೂ ಅದನ್ನೇ ಹೇಳಿದ್ದು!" ಎಂದರು ಭಾವ.

ಆದರೆ ಆ ತೊಟ್ಟಿಗೆ ಕರೆಂಟು ನಿಲ್ಲಬಾರದು. ನಮ್ಮಲ್ಲಿ ಮಳೆ ಜಡಿಯುವ ಆಟಿ ತಿಂಗಳಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಈ ವರ್ಷವೂ ಮರ ಬಿದ್ದು ಕಂಬ ಮಲಗಿ ವಾರಗಟ್ಟಲೆ ಕತ್ತಲು. ಭಾವ ಮೇಣದ ಬತ್ತಿಯ ಬೆಳಕಿನಲ್ಲಿ, ಇನ್ನೂ ಖರೀದಿಸದ ಮೀನುಗಳ ಸಲುವಾಗಿ ಜನರೇಟರ್ ಬೇಕು ಎಂಬ ಯೋಜನೆ ಮಂಡಿಸಿದರು. (ನಮ್ಮ ಮನೆಮಾತಿನಲ್ಲಿ 'ಬಾತು' ಎಂದರೆ ಬಂತು, 'ಉಟ್ಟು' ಎಂದರೆ ಉಂಟು.)

"ಫ್ರಿಜ್ಜಿಗೆ ಜನರೇಟರ್ ಕೇಳಿ ಕೇಳಿ ನಾನು ಮುದುಕಿ ಆದೆ" ಎಂದಳು ಅಕ್ಕ. "ಮೀನಿಗೆ ಬಾತಾ? ಮತ್ತೆ ಆ ಹವಳ ಎಂಥ ಮಾಡ್ತದೆ?"

"ಎಂಥದ್ದೂ ಮಾಡ್ದಿಲ್ಲೆ. ಕೂತಲ್ಲೇ ಇದ್ದದೆ. ಜೀವ ಉಟ್ಟು."

"ಹಂಗಿದ್ದದ್ದು ಮನೇಲಿ ಒಂದು ಉಟ್ಟಲ್ಲ. ಇನ್ನೊಂದು ಯಾಕೆ?"

ಮಳೆ ಸ್ವಲ್ಪ ಬಿಟ್ಟಾಗ ಪಕ್ಷಾಂತರ ನಡೆಯಿತು. ದೋಣಿಯೇ ಸರಿ! ಹಾರಂಗಿಯ ಹಿನ್ನೀರು ಇರುವುದು ಯಾತಕ್ಕೆ? ಆದರೆ ದೋಣಿಯ ಬೆಲೆ ಕೇಳಿದ ಮೇಲೆ ಸದ್ಯಕ್ಕೆ ಒಂದು ಹುಟ್ಟನ್ನು ಮಾತ್ರ ತಂದರು. ಜಗತ್ತಿನಲ್ಲಿ ಜನ ಕುದುರೆ ಕೊಂಡು ಲಾಳ ಹೊಡೆಸುತ್ತಾರೆ. ನಮ್ಮ ಭಾವ ಲಾಳ ಕೊಂಡು ಕುದುರೆಯ ಬಗ್ಗೆ ಯೋಚಿಸುವವರು.

ಅಷ್ಟರಲ್ಲಿ ಕೈಲ್ ಮುಹೂರ್ತ ಬಂತು. ನಾಟಿ ಮುಗಿದ ಮೇಲೆ ಮನೆಯ ಕೋವಿ, ಕತ್ತಿಗಳನ್ನು ಸಾಲಾಗಿ ಇಟ್ಟು ಹೂ ಮುಡಿಸಿ ಪೂಜೆ ಮಾಡುವ ಹಬ್ಬ. ಕುಟುಂಬದ ಹಿರಿಯರಾದ ದೊಡ್ಡಪ್ಪ ಆರತಿ ತಟ್ಟೆ ಹಿಡಿದು ಬಂದವರು ನಿಂತರು. ಕೋವಿಯ ಪಕ್ಕದಲ್ಲಿ, ಕೋವಿಗೆ ಮುಡಿಸುವ ತೋಕ್ ಹೂವನ್ನೇ ಮುಡಿದುಕೊಂಡು, ಹಳದಿ ಪ್ಲಾಸ್ಟಿಕ್ಕಿನ ಹುಟ್ಟು!

"ಇದೆಂಥದ್ದು?"

"ದೋಣಿಯ ಹುಟ್ಟು ದೊಡ್ಡಪ್ಪ."

"ದೋಣಿ ಎಲ್ಲಿ ಉಟ್ಟು?"

"ದೋಣಿ ಇನ್ನೂ ತೀರ್ಮಾನ ಆತ್ಲೆ."

ದೊಡ್ಡಪ್ಪ ಸ್ವಲ್ಪ ಹೊತ್ತು ದೇವರನ್ನು ನೋಡಿದರು. ಆಮೇಲೆ ಹುಟ್ಟಿಗೂ ಆರತಿ ಎತ್ತಿದರು. ಕಾಯಿಲೆಯ ಮನುಷ್ಯನಿಗೆ ಯಾರು ಎದುರಾಡುತ್ತಾರೆ? ಭಾವ ಬೈಸಿಕೊಳ್ಳುವ ಯೋಗ್ಯತೆಯನ್ನೂ ಕಳೆದುಕೊಂಡಿದ್ದರು. ಅದು ಅವರಿಗೆ ತಿಳಿಯಿತು ಎಂದು ಕಾಣುತ್ತದೆ. ಹಬ್ಬದ ಊಟಕ್ಕೆ ಕುಳಿತವರು ಒಂದು ಕಡುಬನ್ನೂ ಮುಗಿಸಲಿಲ್ಲ.

ಮರುದಿನದಿಂದ ಕಾಫಿ ಒಣಗಿಸುವ ಕಣದ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಅಭ್ಯಾಸ ಶುರು. ಎಡಗೈಗೆ ಡಯಾಲಿಸಿಸ್ಸಿನ ಸೂಜಿ ಚುಚ್ಚುವುದರಿಂದ ಅದಕ್ಕೆ ಶ್ರಮ ಕೊಡುವಂತಿಲ್ಲ. ಬಲಗೈ ಒಂದರಲ್ಲೇ ಸಿಮೆಂಟಿನ ಮೇಲೆ ಹುಟ್ಟು ಹಾಕುತ್ತಿದ್ದರು. ತೋಟದ ಕೆಲಸದವರ ಲೈನ್‌ಮನೆಯ ಹೆಂಗಸರು ಕೆಲಸಕ್ಕೆ ಹೋಗುವಾಗ ಸುತ್ತಿ ಬಳಸಿ ಹೋಗುತ್ತಿದ್ದರು, ನಿಜವಾಗಿ ಅಲ್ಲಿ ನೀರಿದೆ ಎಂಬಂತೆ.

ಅಕ್ಟೋಬರಿನಲ್ಲಿ ಮೈಸೂರಿನ ಡಾಕ್ಟರ ಬಳಿ ಹೋದಾಗ ಭಾವ ತಮ್ಮ ಸಂದಿಗ್ಧವನ್ನು ಅವರ ಮುಂದೆಯೂ ಇಟ್ಟರು. ಡಾಕ್ಟರು ನಗಲಿಲ್ಲ. "ಕಿಡ್ನಿ ಹಾಕಿಸಿದ ಮೇಲೆ ಸೋಂಕು ತಡೆಯೋ ಶಕ್ತಿ ಕಡಿಮೆ ಇರುತ್ತೆ. ಮೀನಿನ ತೊಟ್ಟಿಯೊಳಗೆ ಕೈ ಹಾಕೋ ಹಾಗಿಲ್ಲ, ಅದು ಬೇಡ. ದೋಣಿಯಾದರೆ, ಚೆನ್ನಾಗಿ ಚೇತರಿಸಿಕೊಂಡ ಮೇಲೆ, ನೀರಿಗೆ ಇಳಿಯದೆ, ಜೊತೆಗೆ ಯಾರನ್ನಾದರೂ ಕರ್ಕೊಂಡು ಹೋಗಬಹುದು" ಎಂದರು.

ಎಷ್ಟೋ ತಿಂಗಳು ತೀರ್ಮಾನವಾಗದ್ದು ಒಂದು ನಿಮಿಷದಲ್ಲಿ ತೀರ್ಮಾನವಾಯಿತು.

"ನಂಗೆ ಮೀನೇ ಬೇಕು" ಎಂದರು ಭಾವ. ಅರ್ಥವಾಯಿತಲ್ಲ? ಮೀನು ಸಾಕುವವರು ಕಿಡ್ನಿ ಹಾಕಿಸಿಕೊಳ್ಳುವಂತಿಲ್ಲ. ಪಾಪ, ಮೀನಿನ ಮೇಲಿನ ಪ್ರೀತಿ!

 ಮನೆಗೆ ಬಂದು ಕಾಲು ತೊಳೆಯುವಾಗ ಅಕ್ಕ ಹೇಳಿದಳು: "ನಾನು ಕೊಡುದು ನಂದು. ನಿಮ್ಮ ತೋಟದ್ದಲ್ಲ. ಬೇಡ ಅನ್ನಲಿಕ್ಕೆ ನೀವ್ಯಾರು?"

ಎರಡೂ ಕಡೆಯ ಹೇಳಿಕೆ ಪಡೆಯುವುದು ನನ್ನ ಕಸುಬು. ಸಂಜೆ ಕಣಕ್ಕೆ ಹೋಗಿ ಭಾವನ ಪಕ್ಕ ನಿಂತೆ. ಅವರು ಮೆಣಸಿನ ಬಳ್ಳಿ ಹಬ್ಬಿದ ಒಂದು ಹಳೆಯ ಮರವನ್ನು ತೋರಿಸಿದರು. ಕೊಂಬೆ ಒಣಗುತ್ತಿತ್ತು.

"ಸಾಯುವ ಮರಕ್ಕೆ ಯಾರಾದ್ರೂ ಒಳ್ಳೆ ಬಳ್ಳಿ ಹಬ್ಬಿಸ್ತಾರಾ ಮಾರಾಯ? ಮರದೊಟ್ಟಿಗೆ ಬಳ್ಳಿಯೂ ನೆಲಕ್ಕೆ. ನಾಳೆ ಅವ್ಳ ಉಳಿದ ಒಂದಕ್ಕೆ ಏನಾದ್ರೂ ಆದ್ರೆ? ನಾನು ಅದನ್ನ ಹೊಟ್ಟೆಲಿ ಇಟ್ಕೊಂಡು ನೋಡ್ತಾ ಕೂರುದಾ?"

 ಎರಡೂ ಕಡೆಯ ಹೇಳಿಕೆ ಸಿಕ್ಕಿತ್ತು. ಎರಡೂ ಸರಿಯಾಗಿದ್ದವು.

ಅದಾಗಿ ಸ್ವಲ್ಪ ದಿನಕ್ಕೆ ವಾರ್ಡಿನಲ್ಲಿ ಭಾವನ ಪಕ್ಕದ ಹಾಸಿಗೆ ಖಾಲಿಯಾಯಿತು. ಅದರಲ್ಲಿ ಮಲಗುತ್ತಿದ್ದವರು ತಿತಿಮತಿಯವರು, ಕಾಡು ಕಾಯುವ ವಾಚರ್ ಆಗಿದ್ದವರು. ಆನೆ ಓಡಿಸಿದ ಕಥೆಗಳನ್ನು ಹೇಳಿ ಹೇಳಿ ಭಾವನಿಗೆ ಯಂತ್ರದ ಸದ್ದು ಕೇಳಿಸದಂತೆ ಮಾಡುತ್ತಿದ್ದರು. ನರ್ಸ್ ಹಾಸಿಗೆಗೆ ಹೊಸ ಬಟ್ಟೆ ಹಾಸುತ್ತಿದ್ದಳು.  

ಎರಡು ವಾರ ಕಳೆದು ಒಂದು ದಿನ ಡಯಾಲಿಸಿಸ್ ಮುಗಿಸಿ ಹೊರಬಂದಾಗ ಬಾಗಿಲ ಬಳಿಯ ಬೆಂಚಿನ ಮೇಲೆ ಆ ವಾಚರ್‌ನ ಹೆಂಡತಿ ಕುಳಿತಿದ್ದರು. ಮಡಿಲಲ್ಲಿ, ಗಂಡನ ಜೊತೆ ಬರುವಾಗ ತರುತ್ತಿದ್ದ ಅದೇ ಚೀಲ. ಗಂಡನ ತಿಥಿಯ ಕಾರ್ಯವೆಲ್ಲ ಮುಗಿದಿದೆಯಂತೆ. ಆದರೂ ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಬಂದುಬಿಟ್ಟಿದ್ದರು. ಇಲ್ಲಿಗೆ ತಲುಪಿದ ಮೇಲೆ ನೆನಪಾಯಿತಂತೆ.

"ನಂದು ಕೊಡ್ತೇನೆ ಅಂದಿದ್ದೆ ಅಣ್ಣ" ಎಂದರು ಭಾವನಿಗೆ. "ಆಗ್ತದೆ ಅಂತ ಡಾಕ್ಟ್ರೂ ಹೇಳಿದ್ರು. ಇವ್ರು ಬೇಡ ಅಂದ್ರು. ನಿನಗಿರ್ಲಿ ಅಂದ್ರು. ಈಗ ಎರಡೂ ಉಂಟು. ಇಟ್ಕೊಂಡು ಎಂಥ ಮಾಡ್ಲಿ ಹೇಳಿ?"

ಭಾವ ಅವರ ಪಕ್ಕದಲ್ಲಿ ಕುಳಿತರು. ತಿತಿಮತಿ ಕಡೆಯ ಬಸ್ಸು ಬರುವವರೆಗೂ ಕುಳಿತೇ ಇದ್ದರು. ಬಸ್ಸು ಹತ್ತಿಸಿ, ಚೀಲವನ್ನು ಕಿಟಕಿಯಲ್ಲಿ ಕೊಟ್ಟು, ಅದು ತಿರುವು ದಾಟುವ ತನಕ ನಿಂತರು. ನನ್ನ ಜೊತೆ ಜೀಪಿನಲ್ಲಿ ಮೂರ್ನಾಡು ತಲುಪುವವರೆಗೆ ಮೀನಿನ ಮಾತಿಲ್ಲ, ದೋಣಿಯ ಮಾತಿಲ್ಲ. 

ಕಳೆದ ವಾರ ಮತ್ತೆ ಮೈಸೂರು. ಮರುದಿನ ಡಾಕ್ಟರನ್ನು ನೋಡುವುದಿತ್ತು. ಹಿಂದಿನ ದಿನವೇ ಹೋಗಿ ತೊಟ್ಟಿಗೆ ಮುಂಗಡ ಕೊಟ್ಟುಬಿಡುವುದು ಎಂದು ಭಾವ ಮೊದಲೇ ಘೋಷಿಸಿದ್ದರು. ಅಕ್ಕ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತಿದ್ದಳು. ನಾನು ಮೀನಿನ ಅಂಗಡಿಯ ರಸ್ತೆಗೆ ತಿರುಗಿಸುತ್ತಿದ್ದಂತೆ ಭಾವ, "ಇಲ್ಲಿ ಬೇಡ, ನೇರ ಹೋಗು" ಎಂದರು.

ನೇರ ಹೋದರೆ ಸಿಕ್ಕಿದ್ದು ಆಟದ ಸಾಮಾನಿನ ಒಂದು ದೊಡ್ಡ ಮಳಿಗೆ. ಒಳಗೆ ಚೆಂಡು, ಬ್ಯಾಟುಗಳ ಆಚೆ, ಗಾಳಿ ತುಂಬಿಸಿದ ಒಂದು ರಬ್ಬರ್ ದೋಣಿ ನೆಲದ ಮೇಲೆ ಮಲಗಿತ್ತು. ಭಾವ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಅಂಗಡಿಯವನು ಕಾಗದ ಪೆನ್ನು ಹಿಡಿದು ಬಂದ.

"ಎಷ್ಟು ಜನಕ್ಕೆ ಸರ್?"

"ಇಬ್ಬರಿಗೆ."

"ಇಬ್ಬರ ತೂಕ ಹೇಳಿ. ಅದರ ಮೇಲೆ ಸೈಜ್ ನೋಡ್ಬೇಕು."

ಭಾವ ತಮ್ಮದು ಹೇಳಿದರು. ಅಕ್ಕನದನ್ನೂ ಅವಳನ್ನು ಕೇಳದೆ ಹೇಳಿದರು.

"ಅಷ್ಟಿಲ್ಲೆ!" ಎಂದಳು ಅಕ್ಕ. ಆ ದಿನ ಅವಳು ಆಡಿದ ಮೊದಲ ಮಾತು.

ಭಾವ ಅವಳನ್ನು ನೋಡಲಿಲ್ಲ. ಅಂಗಡಿಯವನ ಪೆನ್ನನ್ನೇ ನೋಡುತ್ತಾ ಹೇಳಿದರು: "ಅವಳದ್ರಲ್ಲಿ ಸ್ವಲ್ಪ ಕಳೀರಿ. ಕಳೆದದ್ದನ್ನ ನಂದಕ್ಕೆ ಸೇರ್ಸಿ."

ಅಂಗಡಿಯವನಿಗೆ ಅರ್ಥವಾಗಲಿಲ್ಲ. "ಒಟ್ಟು ಅಷ್ಟೇ ಆಗುತ್ತಲ್ಲ ಸರ್?"

"ಅಷ್ಟೇ ಆಗ್ತದೆ. ಆದ್ರೂ ಹಾಗೇ ಬರ್ಕೊಳ್ಳಿ."

ಅಕ್ಕ ರಬ್ಬರ್ ದೋಣಿಯ ಅಂಚಿನ ಮೇಲೆ ಕುಳಿತುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಂಗಡಿಯವನು ಒಮ್ಮೆ ಅವಳನ್ನು, ಒಮ್ಮೆ ಭಾವನನ್ನು ನೋಡಿ, "ಎಷ್ಟು ಕಳೀಬೇಕು ಸರ್?" ಎಂದ.

ಭಾವ ಈಗ ಅವಳತ್ತ ತಿರುಗಿದರು. "ಅವ್ಳನ್ನೇ ಕೇಳಿ. ಕೊಡುದು ಅವಳು."

ಅಕ್ಕ ಮೂಗು ಒರೆಸಿಕೊಂಡಳು. 

"ನಾಳೆ ಡಾಕ್ಟ್ರನ್ನ ಕೇಳಿ ಹೇಳ್ತೇವೆ" ಎಂದಳು.