ಹೈಕೋರ್ಟಿಗೆ ಹೋದ ಭಟ್ಟರ ಉಪ್ಪಿಟ್ಟು

ಇನ್‌ಕಮ್ ಟ್ಯಾಕ್ಸ್ ಕೇಸಿನಲ್ಲಿ ನಗುವಂಥದ್ದು ಏನಿರುತ್ತದೆ ಎನ್ನುವವರು ಎಪ್ಪತ್ತರ ದಶಕದಲ್ಲಿ ಫೋರ್ಟ್ ಪೇಟೆಯ ನಮ್ಮ ಬಟ್ಟೆ ಕಂಪನಿಯಲ್ಲಿ ಒಂದು ವಾರ ಗುಮಾಸ್ತಿಕೆ ಮಾಡಬೇಕಿತ್ತು. ಅಲ್ಲಿ ಇಂಥವು ನಡೆಯುತ್ತಲೇ ಇದ್ದವು.

೧. ಸಾಹೇಬರ ತಪಾಸಣೆ

ಸರಕು ಕೊಳ್ಳಲು ಬರುವ ಊರೂರಿನ ವ್ಯಾಪಾರಿಗಳಿಗೆ ಉಪ್ಪಿಟ್ಟು, ಕಾಫಿ ಕೊಡುವುದು ನಮ್ಮಲ್ಲಿ ರೂಢಿ. ಅದಕ್ಕೆಂದೇ ಉಡುಪಿ ಕಡೆಯ ಭಟ್ಟರೊಬ್ಬರು ಅಡುಗೆಗೆ ಇದ್ದರು. ಒಂದು ದಿನ ತೆರಿಗೆ ಅಧಿಕಾರಿ ಬಂದು, "ಇದು ವ್ಯಾಪಾರದ ಖರ್ಚೋ, ಔತಣದ ಖರ್ಚೋ?" ಎಂದರು. ಔತಣವಾದರೆ ತೆರಿಗೆಯಲ್ಲಿ ವಿನಾಯಿತಿ ಇಲ್ಲ.

"ಬರೀ ತಿಂಡಿ ಸಾರ್" ಎಂದೆ ನಾನು. ಅಷ್ಟರಲ್ಲಿ ಭಟ್ಟರು ಬಾಳೆಎಲೆ ಹಾಸಿ, ಗೋಡಂಬಿ ಹಾಕಿದ ಉಪ್ಪಿಟ್ಟು ಬಡಿಸಿ, ಮೇಲೆ ತುಪ್ಪ ಸುರಿದರು. ಸಾಹೇಬರು ಎರಡು ಸಲ ಹಾಕಿಸಿಕೊಂಡು ತಿಂದು, ಕೈ ತೊಳೆದು, "ಔತಣ" ಎಂದು ಬರೆದುಕೊಂಡರು.

೨. ವಕೀಲರ ಬೇಡಿಕೆ

ಕೇಸು ಹೈಕೋರ್ಟಿನ ಮೆಟ್ಟಿಲೇರಿತು. ಸೋತರೆ ಅಡುಗೆಮನೆ ಮುಚ್ಚುತ್ತೇನೆಂದು ಕಂಪನಿಯ ಮಾಲೀಕ ಸೇಠರು ಹೇಳಿಬಿಟ್ಟರು. ಕುರ್ಲಾದ ಚಾಳಿನಲ್ಲಿ ಭಟ್ಟರ ಹೆಂಡತಿ, ಮೂವರು ಹೆಣ್ಣುಮಕ್ಕಳು. ಎಲ್ಲರ ಹೊಟ್ಟೆಪಾಡು ಈ ಅಡುಗೆಮನೆಯಿಂದಲೇ.

ನಮ್ಮ ವಕೀಲರು ನನ್ನನ್ನು ಕರೆದು, "ತಿಂಡಿ ತೀರಾ ಸಾಧಾರಣ ಅಂತ ನಾನು ವಾದಿಸಬೇಕು. ನಾಳೆ ಬಂದು ರುಚಿ ನೋಡುತ್ತೇನೆ" ಎಂದರು. ನಾನು ಭಟ್ಟರಿಗೆ, "ನಾಳೆ ಒಂದು ದಿನ ಸಪ್ಪೆ ಮಾಡಿ" ಎಂದೆ.

"ನನ್ನ ಕೈಯಲ್ಲಿ ಸಪ್ಪೆ ಬರುದಿಲ್ಲ ಮಾರಾಯ್ರೆ. ಬೇಕಾದ್ರೆ ನೀವೇ ಮಾಡಿ!"

ಮರುದಿನ ನಾನೇ ಮಾಡಿದೆ. ವಕೀಲರು ಒಂದು ತುತ್ತು ಬಾಯಿಗಿಟ್ಟು, "ಕೇಸು ಗೆದ್ದ ಹಾಗೆಯೇ" ಎಂದರು.

೩. ತೀರ್ಪು

ತೀರ್ಪಿನ ದಿನ ಭಟ್ಟರು ಒಲೆಯನ್ನೇ ಹಚ್ಚಲಿಲ್ಲ. ದೇವರ ಹೆಸರು ಹೇಳುತ್ತ ಸ್ಟೂಲಿನ ಮೇಲೆ ಕೂತಿದ್ದರು. ನಾನು ಕೋರ್ಟಿನಿಂದ ಓಡಿಬಂದು, "ಗೆದ್ದೆವು ಭಟ್ರೆ! ನಿಮ್ಮ ಕೆಲಸಕ್ಕೆ ಇನ್ನು ಭಯವಿಲ್ಲ" ಎಂದೆ. ಅವರ ಕಣ್ಣು ತುಂಬಿತು.

ಕಣ್ಣೊರೆಸಿಕೊಂಡು ಭಟ್ಟರು, "ಜಡ್ಜ್ ಸಾಹೇಬ್ರು ಏನಂತ ಬರ್ದಿದ್ದಾರೆ, ಸ್ವಲ್ಪ ಕನ್ನಡದಲ್ಲಿ ಹೇಳಿ" ಎಂದರು.

ಸಂಭ್ರಮದಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ: "ಈ ಉಪ್ಪಿಟ್ಟು ಔತಣವೇ ಅಲ್ಲವಂತೆ. ಹಸಿದವರು ಬೇರೆ ದಾರಿ ಇಲ್ಲದೆ ತಿನ್ನುವಂಥದ್ದಂತೆ. ತಿಂದು ಯಾರಿಗೂ ಸಂತೋಷವಾಗುವ ಸಂಭವ ಇಲ್ಲವಂತೆ."

ಭಟ್ಟರ ಮುಖ ಕೆಂಪೇರಿತು. ಹೆಗಲ ಮೇಲಿನ ಬೈರಾಸು ಕೊಡವಿ ಎದ್ದು ನಿಂತರು.

"ಸುಪ್ರೀಂ ಕೋರ್ಟಿಗೆ ಎಷ್ಟು ದಿವಸದೊಳಗೆ ಹೋಗ್ಬೇಕು ಮಾರಾಯ್ರೆ?"