ಬುಡನ್ ಸಾಬರ ಟಗರು, ನನ್ನ ಮುಚ್ಚಳದ ಚಟ

ಮುಚ್ಚಿಟ್ಟದ್ದನ್ನು ತೆರೆದು ನೋಡದಿದ್ದರೆ ನನಗೆ ಸಮಾಧಾನವಿಲ್ಲ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಅಲ್ಲಾಡಿಸುವುದು, ಬೇಯುವ ಅನ್ನಕ್ಕೆ ಮುಚ್ಚಿದ ತಟ್ಟೆ ಎತ್ತುವುದು, ಎಲ್ಲ ಹುಟ್ಟುಗುಣ. "ಅದ್ರ ಪಾಡಿಗೆ ಅದನ್ನ ಬುಡೀಂದ್ರೆ" ಎಂದು ಹೆಂಡತಿ ಸೌಟು ಹಿಡಿದೇ ಹೇಳುತ್ತಾಳೆ. ಕೇಳಿಸಿಕೊಳ್ಳುತ್ತೇನೆ, ತಟ್ಟೆಯನ್ನೂ ಎತ್ತುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. ನಾನಾಗ ಮಳವಳ್ಳಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನ ಮೆಕ್ಯಾನಿಕ್ ಬುಡನ್ ಸಾಬರಿಗೆ ಒಂದು ಟಗರಿತ್ತು. ಗಿಡ್ಡ ಕಾಲು, ಗಟ್ಟಿ ಮೈ. ಮಕ್ಕಳಿಲ್ಲದ ಸಾಬರು ತಮ್ಮ ಚಹಾದಲ್ಲೂ ಅದಕ್ಕೆ ಪಾಲು ಕೊಡುತ್ತಿದ್ದರು. ಒಂದು ಮಧ್ಯಾಹ್ನ ಅದು ಹೊಟ್ಟೆಯುಬ್ಬರಿಸಿ ನಮ್ಮ ಆಸ್ಪತ್ರೆಯ ಜಗುಲಿಯಲ್ಲೇ ಪ್ರಾಣ ಬಿಟ್ಟಿತು. "ಒಂದು ಮರೀನಾದ್ರೂ ಬುಟ್ಟೋಗಿದ್ರೆ ಸಾಕಿತ್ತು ಸ್ವಾಮಿ" ಎಂದು ಸಾಬರು ಅತ್ತರು. ನನಗೂ ಅಳು ಬಂತು.

ಆಗ ಡಾಕ್ಟರು ಹೊಸ ಮಾತೊಂದು ಹೇಳಿದರು. ಟಗರು ಸತ್ತರೂ ಅದರ ಬೀಜದೊಳಗಿನ ವೀರ್ಯಾಣುಗಳು ಕೂಡಲೇ ಸಾಯುವುದಿಲ್ಲವಂತೆ. ತಣ್ಣಗಿಟ್ಟರೆ ಕೆಲವು ದಿನ ಜೀವ ಹಿಡಿದಿರುತ್ತವಂತೆ. ಸಾಬರ ಮನೆಯಲ್ಲಿದ್ದ ಹೆಣ್ಣು ಕುರಿ ಬೆದೆಗೆ ಬರಲು ಇನ್ನೂ ಮೂರು ದಿನವಿತ್ತು. ಡಾಕ್ಟರು ಸತ್ತ ಟಗರಿನ ಬೀಜಗಳನ್ನು ಕೊಯ್ದು ತೆಗೆದು ಬಟ್ಟೆಯಲ್ಲಿ ಸುತ್ತಿ, ಐಸು ತುಂಬಿದ ಅಗಲ ಬಾಯಿಯ ಫ್ಲಾಸ್ಕಿನಲ್ಲಿಟ್ಟು ನನಗೆ ಒಪ್ಪಿಸಿದರು. "ಸುಮ್ಮಸುಮ್ಮನೆ ಮುಚ್ಚಳ ತೆಗೀಬೇಡ್ರೀ" ಎಂದರು. ಯಾರಿಗೆ ಹೇಳುತ್ತಿದ್ದೇನೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಸಾಬರು ದಿನಾ ಮಂಡ್ಯದಿಂದ ಮರದ ಹೊಟ್ಟಿನಲ್ಲಿ ಐಸು ತರುತ್ತಿದ್ದರು. ಮದ್ದೂರು ದಾಟುವಷ್ಟರಲ್ಲಿ ಅರ್ಧ ನೀರಾಗಿರುತ್ತಿತ್ತು.

ಮೊದಲ ದಿನ ಡಾಕ್ಟರು ಬೀಜದಿಂದ ತೆಗೆದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಗಿಜಿಗಿಜಿ! ನೋಡಿದ ಮೇಲೆ ನಾನು ಕೆಟ್ಟೆ. ತಣ್ಣಗಿದೆಯೋ ಇಲ್ಲವೋ ಎಂದು ಗಂಟೆಗೊಮ್ಮೆ ಗಂಟನ್ನು ಹೊರತೆಗೆದು ಅಂಗೈಯಲ್ಲಿ ಹಿಡಿದು ನೋಡತೊಡಗಿದೆ. ಎರಡನೆಯ ದಿನ ಅರ್ಧದಷ್ಟು ಅಲುಗದೆ ನಿಂತಿದ್ದವು. ಮೂರನೆಯ ದಿನ ಎಲ್ಲೋ ಕೆಲವು ನಿಂತಲ್ಲೇ ನಡುಗುತ್ತಿದ್ದವು. ಡಾಕ್ಟರು ಅವನ್ನೇ ಕುರಿಗೆ ಏರಿಸಿದರು. ಎರಡೂವರೆ ವಾರಕ್ಕೆ ಕುರಿ ಮತ್ತೆ ಬೆದೆಗೆ ಬಂತು. ಅಂದರೆ ಗರ್ಭ ಕಟ್ಟಿರಲಿಲ್ಲ. "ಮೂರು ದಿನ ಕೆಡದೆ ಉಳಿಯುವುದಿಲ್ಲ" ಎಂದು ಡಾಕ್ಟರು ಪುಸ್ತಕದಲ್ಲಿ ಬರೆಯುತ್ತಿದ್ದರು. ನಾನು ಗಂಟಿನ ಸಂಗತಿ ಮುಚ್ಚಿಟ್ಟು ಔಷಧದ ಸೀಸೆಗಳನ್ನು ಒರೆಸುತ್ತಿದ್ದೆ.

ಅಷ್ಟರಲ್ಲಿ ಸಾಬರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು, ನನಗೆಂದೇ.

"ನಿಮ್ದೇನೂ ತಪ್ಪಿಲ್ಲ ಬುಡಿ ಸ್ವಾಮಿ. ಐಸು ತಂದಾಗೆಲ್ಲ ನೋಡಿವ್ನಿ, ಆ ಗಂಟ್ನ ಆಚೆ ತಗ್ದು ಕೈಯಾಗೇ ಇಟ್ಕೊಂಡು ಕುಂತಿರ್ತಿದ್ರಿ. ಎತ್ತ ತಾಯೂ ಅಂಗೆ ನೋಡ್ಕೊಳ್ಳಕಿಲ್ಲ."

ಡಾಕ್ಟರ ಪೆನ್ನು ನಿಂತಿತು. ನನ್ನನ್ನೊಮ್ಮೆ ನೋಡಿ, ಬರೆದ ಸಾಲನ್ನು ಹೊಡೆದುಹಾಕಿದರು. ಸಾಬರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇನ್ನು ಮುಚ್ಚಿಟ್ಟ ಯಾವುದನ್ನೂ ಮುಟ್ಟುವುದಿಲ್ಲವೆಂದು ಆಣೆಯಿಟ್ಟುಕೊಂಡು ಮನೆಗೆ ಬಂದೆ. ಹೆಂಡತಿ ಮೊಸರಿನ ಗಡಿಗೆಯ ಮುಚ್ಚಳದ ಮೇಲೆ ಗುಂಡುಕಲ್ಲು ಹೇರಿಟ್ಟಿದ್ದಳು.

ಕಲ್ಲನ್ನು ಎತ್ತಿ ಕೆಳಗಿಟ್ಟು, ಮುಚ್ಚಳ ತೆರೆದು ನೋಡಿದೆ. ಇನ್ನೂ ಹೆಪ್ಪಾಗಿರಲಿಲ್ಲ.